ಮಳೆಗಾಲಕ್ಕೆ ಸೂಜಿ, ಬಿಸಿಲಿಗೆ ಬಣ್ಣ: ಮಲೆನಾಡಿನ ಹಳ್ಳಿಮನೆಯಲ್ಲಿ ಕೈಕಸುಬು ಕಟ್ಟಿಕೊಳ್ಳುವ ಬಗೆ

ಪೇಟೆಯ ಬದುಕನ್ನು ಬಿಟ್ಟು ಹಳ್ಳಿಗೆ ಬಂದು, ಬಟ್ಟೆಗೆ ಬಣ್ಣ ಹಾಕುತ್ತಲೋ ಕೌದಿ ಹೊಲಿಯುತ್ತಲೋ ಮಕ್ಕಳನ್ನು ಬೆಳೆಸಬೇಕೆಂದು ಬಯಸುವವರು ನನ್ನನ್ನು ಮೊದಲು ಕೇಳುವುದು ಯಾವ ಕಸುಬನ್ನು ಆರಿಸಿಕೊಳ್ಳಬೇಕು ಎಂದು. ಕೊಪ್ಪ ತಾಲ್ಲೂಕಿನ ಅಡಿಕೆ ತೋಟದ ನಡುವಿನ ಗಂಡನ ಹಿರಿಯರ ಮನೆಗೆ ನಾವು ನಾಲ್ವರು ಬೆಂಗಳೂರಿನಿಂದ ಬಂದು ಏಳು ವರ್ಷಗಳಾದವು. ಕಸುಬನ್ನು ಆರಿಸುವ ಮೊದಲು ಆ ಮನೆಯ ಒಂದು ವರ್ಷವನ್ನು ಓದಿಕೊಳ್ಳಬೇಕು ಎಂಬುದೇ ಈಗ ನಾನು ಅವರಿಗೆ ಕೊಡುವ ಉತ್ತರ. ಯಾವ ತಿಂಗಳಲ್ಲಿ ಅಂಗಳ ಖಾಲಿ ಇರುತ್ತದೆ, ಯಾವಾಗ ಬಿಸಿಲು ಬೀಳುತ್ತದೆ, ಯಾವಾಗ ಮನೆತುಂಬ ಆಳುಗಳಿರುತ್ತಾರೆ, ಯಾವ ದಿನಗಳಲ್ಲಿ ಮಕ್ಕಳು ಶಾಲೆಗೆ ಹೋಗದೆ ಮನೆಯಲ್ಲೇ ಉಳಿಯುತ್ತಾರೆ ಎಂಬುದು ತಿಳಿದರೆ, ಯಾವ ಕೆಲಸವನ್ನು ಯಾವಾಗ ಮಾಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಇದನ್ನು ಅರಿಯದೆ ನಾನು ಮೊದಲ ವರ್ಷದ ಜುಲೈ ತಿಂಗಳಲ್ಲಿ ಹನ್ನೆರಡು ಮೀಟರ್ ಬಟ್ಟೆಗೆ ಬಣ್ಣ ಹಾಕಿದೆ. ಎಂಟು ದಿನ ಕಳೆದರೂ ಅದು ಒಣಗಲಿಲ್ಲ, ಒಂಬತ್ತನೆಯ ದಿನ ಅಂಚಿನುದ್ದಕ್ಕೂ ಬೂಷ್ಟು ಹಿಡಿದಿತ್ತು. ಬೂಷ್ಟಿನ ಕಪ್ಪು ಚುಕ್ಕೆ ಹತ್ತಿ ಬಟ್ಟೆಯಿಂದ ಪೂರ್ತಿ ಹೋಗುವುದಿಲ್ಲ. ಆ ಬಟ್ಟೆ ಇಂದಿಗೂ ಕೌದಿಗಳ ಒಳಪದರವಾಗಿ ಸ್ವಲ್ಪ ಸ್ವಲ್ಪವೇ ಮುಗಿಯುತ್ತಿದೆ.

ಮನೆಯ ವರ್ಷವನ್ನು ಓದಿಕೊಳ್ಳುವುದು

ಕೊಪ್ಪ, ಶೃಂಗೇರಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ. ನವರಾತ್ರಿಯ ಹೊತ್ತಿಗೆ ಅಡಿಕೆ ಕೊಯ್ಲು ಆರಂಭವಾಗಿ ಸಂಕ್ರಾಂತಿಯ ಆಚೆಗೂ ನಡೆಯುತ್ತದೆ. ಆಗ ಹಗಲು ಕೊಯ್ಲು, ರಾತ್ರಿ ಸುಲಿತ, ನಡುವೆ ಬೇಯಿಸುವುದು, ಒಣಗಿಸುವುದು. ಮನೆಯ ಯಾವ ಮೂಲೆಯೂ ನಮ್ಮದಲ್ಲ, ಯಾವ ಕೈಯೂ ಖಾಲಿ ಇರುವುದಿಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಅಂಗಳ ಬಿಡುವಾಗುತ್ತದೆ, ಬಿಸಿಲು ನಿಚ್ಚಳವಾಗಿರುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಮಳೆಗಾಲ ಹೊಲಿಗೆಗೆ, ಕೊಯ್ಲಿನ ಕಾಲ ಬಣ್ಣದ ಸಾಮಗ್ರಿ ಕೂಡಿಡುವುದಕ್ಕೆ, ಬೇಸಿಗೆ ಬಣ್ಣ ಹಾಕುವುದಕ್ಕೆ ಎಂದು ನಿಗದಿಯಾಯಿತು.

ನೀವು ಮೂಡಿಗೆರೆ ಅಥವಾ ಸಕಲೇಶಪುರದ ಕಾಫಿ ಸೀಮೆಗೆ ಹೋಗುವವರಾದರೆ ಲೆಕ್ಕ ತುಸು ಬೇರೆಯಾಗುತ್ತದೆ. ಅರೇಬಿಕಾ ಹಣ್ಣು ನವೆಂಬರ್‌ನಿಂದ ಜನವರಿಯವರೆಗೂ ರೊಬಸ್ಟಾ ಅದರ ಬೆನ್ನಿಗೆ ಫೆಬ್ರವರಿ, ಮಾರ್ಚ್‌ವರೆಗೂ ಕಣವನ್ನು ಹಿಡಿದಿರುವುದರಿಂದ, ಬಟ್ಟೆ ಒಣಗಿಸಲು ಜಾಗ ಸಿಗುವುದು ಆಮೇಲೆಯೇ. ಅಷ್ಟರಲ್ಲಿ ಕಾಫಿಗಿಡದ ಹೂ ಅರಳಿಸುವ ಹೂಮಳೆಯೂ ಬಂದು ಹೋಗುತ್ತಿರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಧಾರಾಳ. ಅಲ್ಲಿಯವರು ಎಳನೀರಿನ ಹಸಿ ಸಿಪ್ಪೆಯನ್ನು ಕುದಿಸಿ ನಸುಗೆಂಪು ಕಂದು ಬಣ್ಣ ತೆಗೆಯಬಹುದು. ಕೂಡಿದರೆ ಪೇಟೆಯ ಕೆಲಸವನ್ನು ಬಿಡುವ ಮೊದಲು ಒಂದು ಇಡೀ ಮಳೆಗಾಲವನ್ನು ಆ ಮನೆಯಲ್ಲೇ ಕಳೆದು ನೋಡಿ. ಬೇಸಿಗೆಯಲ್ಲಿ ಬಂದು ಮನೆ ನೋಡಿ ಮನಸ್ಸು ಮಾಡುವವರಿಗೆ, ಜುಲೈ ತಿಂಗಳಲ್ಲಿ ಮೂರು ದಿನ ಕರೆಂಟಿಲ್ಲದೆ, ಫೋನು ಹತ್ತದೆ, ಹಳ್ಳ ತುಂಬಿ ಶಾಲೆಯ ವ್ಯಾನು ಬಾರದೆ ಉಳಿಯುವ ದಿನಗಳ ಅಂದಾಜೇ ಇರುವುದಿಲ್ಲ.

ಮನೆಯವರ ಜೊತೆ ಮಾತಾಡಿಕೊಳ್ಳಬೇಕಾದದ್ದು

ಬಣ್ಣದ ಕೆಲಸಕ್ಕೆ ಪಾತ್ರೆ, ಒಲೆ, ನೀರು, ಸೌದೆ, ಹಗ್ಗ ಕಟ್ಟುವ ಜಾಗ ಎಲ್ಲವೂ ಬೇಕು. ಇವೆಲ್ಲ ಮನೆಯಲ್ಲಿ ಆಗಲೇ ಬೇರೆ ಯಾರದೋ ಕೈಯಲ್ಲಿರುತ್ತವೆ. ನಮ್ಮ ಮನೆಯಲ್ಲಿ ಬಚ್ಚಲ ಒಲೆ ಅತ್ತೆಯವರದು. ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಮಳೆಗಾಲದಲ್ಲಿ ಹೆಚ್ಚುಕಡಿಮೆ ದಿನವಿಡೀ ಉರಿಯುತ್ತದೆ, ಬೇಸಿಗೆಯಲ್ಲೂ ಬೆಳಗಿನ ಸ್ನಾನಗಳು ಮುಗಿದ ಮೇಲೆ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಬಟ್ಟೆಗೆ ಬಣ್ಣ ಹಿಡಿಯಲು ಕೊತಕೊತ ಕುದಿಯಬೇಕಾಗಿಲ್ಲ, ಕೈ ಅದ್ದಲಾಗದಷ್ಟು ಬಿಸಿ ಒಂದೆರಡು ಗಂಟೆ ಉಳಿದರೆ ಸಾಕು. ಹೀಗಾಗಿ ಆ ಉಳಿದ ಕಾವೇ ನಮ್ಮ ಕೆಲಸಕ್ಕೆ ಸರಿಹೋಯಿತು. ಹತ್ತು ಗಂಟೆಯ ನಂತರ ಒಲೆ ನನ್ನದು, ನಾಲ್ಕು ಗಂಟೆಗೆ ಬೂದಿ ತೆಗೆದು ಹಂಡೆ ತುಂಬಿಸಿ ಅತ್ತೆಯವರಿಗೆ ಮರಳಿಸಬೇಕು ಎಂದು ಮಾತಾಡಿಕೊಂಡೆವು. ಇಷ್ಟು ಸಣ್ಣ ವಿಷಯಕ್ಕೆ ಮಾತುಕತೆ ಏಕೆ ಎನ್ನಿಸಬಹುದು; ಮೊದಲ ಎರಡು ತಿಂಗಳು ಅದನ್ನು ಮಾತಾಡದೆ ಇದ್ದುದರಿಂದ ನಮ್ಮಿಬ್ಬರ ನಡುವೆ ಬೆಳೆದ ಮೌನವನ್ನು ನೆನೆದರೆ, ಹೊಸದಾಗಿ ಬರುವವರಿಗೆ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳಬೇಕೆನ್ನಿಸುತ್ತದೆ.

ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು, ಜರಡಿ ಯಾವುದೂ ಅಡುಗೆಮನೆಗೆ ಹಿಂದಿರುಗಬಾರದು. ಪಟಿಕ, ಸೋಡಾ, ತುಕ್ಕಿನ ನೀರು ಇವನ್ನು ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಹೆಸರು ಬರೆದು ಮುಚ್ಚಿದ ಡಬ್ಬಗಳಲ್ಲಿಡಬೇಕು. ಹಳೆಯ ಜ್ಯೂಸ್ ಬಾಟಲಿಗಳಲ್ಲಿ ತುಂಬಿಡುವ ಅಭ್ಯಾಸ ಅಪಾಯಕಾರಿ.

ನೆರೆಹೊರೆಯೊಂದಿಗಿನ ಸಂಬಂಧವೂ ಇದೇ ಲೆಕ್ಕದಲ್ಲಿ ಬರುತ್ತದೆ. ನಮ್ಮ ಕಡೆ ಮುಯ್ಯಾಳು ಪದ್ಧತಿ ಇನ್ನೂ ಅಲ್ಪಸ್ವಲ್ಪ ಉಳಿದಿದೆ: ಅವರ ಮನೆಯ ಕೆಲಸಕ್ಕೆ ನಾವು ಹೋದರೆ ನಮ್ಮ ಮನೆಯ ಕೆಲಸಕ್ಕೆ ಅವರು ಬರುತ್ತಾರೆ. ಮೊದಲ ವರ್ಷ ನಾನು ಪಕ್ಕದ ಮನೆಯ ಅಡಿಕೆ ಸುಲಿತಕ್ಕೆ ಹತ್ತು ರಾತ್ರಿ ಹೋಗಿ ಮೆಟ್ಟುಗತ್ತಿಯ ಮುಂದೆ ಕುಳಿತೆ. ಕೈ ಚುರುಕಾಗಲಿಲ್ಲ, ಆದರೆ ಬಣ್ಣಕ್ಕೆ ಬೇಕಾದ ಚೊಗರನ್ನು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರನ್ನು, ಆ ಮನೆಯವರು ಅಂದಿನಿಂದ ಇಂದಿನವರೆಗೆ ಕೇಳದೆಯೇ ತೆಗೆದಿಟ್ಟುಕೊಡುತ್ತಾರೆ.

ಚೊಗರು: ಅಂಗಳದಲ್ಲೇ ಸಿಗುವ ಬಣ್ಣ

ಕೆಂಪಡಿಕೆ ಮಾಡುವ ಮನೆಗಳಲ್ಲಿ ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಒಂದು ಸಲಕ್ಕೆ ಬೇಯಿಸುವಷ್ಟು ಅಡಿಕೆಗೆ ಒಬ್ಬೆ ಎನ್ನುತ್ತಾರೆ; ಅದೇ ನೀರಿನಲ್ಲಿ ಒಂದರ ಮೇಲೊಂದು ಒಬ್ಬೆ ಬೇಯಿಸಿದ ಹಾಗೆಲ್ಲ ನೀರು ಕೆಂಪಗೆ ದಪ್ಪವಾಗುತ್ತ ಹೋಗುತ್ತದೆ, ಅದೇ ಚೊಗರು. ಅಡಿಕೆಯ ಒಗರೆಲ್ಲ ಅದರಲ್ಲಿ ಇಳಿದಿರುತ್ತದೆ, ಮತ್ತು ಆ ಒಗರೇ ಹತ್ತಿ ಬಟ್ಟೆಗೆ ಬಣ್ಣ ಹಿಡಿಸುವ ಗುಣ. ಬೇರೆ ಬಣ್ಣಗಳಿಗೆ ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಿ ಸಿದ್ಧ ಮಾಡಬೇಕಾಗುತ್ತದೆ. ಚೊಗರಿಗೆ ಆ ಕೆಲಸವಿಲ್ಲ, ಅಳಲೆಕಾಯಿ ಮಾಡುವುದನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಸಾಗರದ ಬಳಿಯ ಹೆಗ್ಗೋಡಿನ ‘ಚರಕ’ ಸಹಕಾರ ಸಂಘದ ಕೈಮಗ್ಗದ ಬಟ್ಟೆಗಳಲ್ಲಿ ಅಡಿಕೆ ಚೊಗರಿನ ಬಣ್ಣವನ್ನು ನೀವು ನೋಡಿರಬಹುದು. ಹೊಸದಾಗಿ ಆರಂಭಿಸುವವರು ನೀಲಿಯಂಥ ಕಷ್ಟದ ಬಣ್ಣಗಳ ಬೆನ್ನು ಹತ್ತದೆ, ಒಂದೆರಡು ವರ್ಷ ಚೊಗರೊಂದನ್ನೇ ಚೆನ್ನಾಗಿ ಕಲಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಅರ್ಧ ಕಿಲೋ ಬಟ್ಟೆಯ ಲೆಕ್ಕ ಹೇಳುತ್ತೇನೆ. ಒಣ ಬಟ್ಟೆಯನ್ನು ತೂಗಿಯೇ ಎಲ್ಲ ಅಳತೆಯನ್ನೂ ನಿರ್ಧರಿಸಬೇಕು, ಕಣ್ಣಂದಾಜು ಸಾಲದು. ಅಂಗಡಿಯಿಂದ ತಂದ, ಬಿಳುಪು ಮಾಡದ ಕೋರಾ ಬಟ್ಟೆಯಲ್ಲಿ ಗಂಜಿ, ಎಣ್ಣೆಯಂಶ, ಮೇಣ ಇರುತ್ತವೆ. ಅವು ಹೋಗದಿದ್ದರೆ ಬಣ್ಣ ತೇಪೆತೇಪೆಯಾಗಿ ಕೂರುತ್ತದೆ. ಹತ್ತು ಲೀಟರ್ ನೀರಿಗೆ 20 ಗ್ರಾಂ ಬಟ್ಟೆ ಸೋಡಾ ಹಾಕಿ, ಬಟ್ಟೆಯನ್ನು ಅದರಲ್ಲಿ ಒಂದು ಗಂಟೆ ಕುದಿಸಿ. ಅಡುಗೆ ಸೋಡಾ ಇದಕ್ಕೆ ಬರುವುದಿಲ್ಲ. ನೀರು ಹಳದಿಗಟ್ಟಿ ಬಂದರೆ ಹೆದರಬೇಡಿ, ಹೋಗಬೇಕಾದದ್ದು ಹೋಗುತ್ತಿದೆ ಎಂದರ್ಥ. ಚೆನ್ನಾಗಿ ಜಾಲಿಸಿ, ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ನಿಲ್ಲದೆ ಕೂಡಲೇ ಹೀರಿಕೊಂಡರೆ ಬಟ್ಟೆ ಸಿದ್ಧವಾಗಿದೆ.

ಇನ್ನು ಬಣ್ಣ. ಸ್ಟೀಲ್ ಪಾತ್ರೆಯಲ್ಲಿ ಎರಡು ಲೀಟರ್ ದಪ್ಪ ಚೊಗರಿಗೆ ಎಂಟು ಲೀಟರ್ ನೀರು ಬೆರೆಸಿ, ಹಳೆಯ ಪಂಚೆಯಲ್ಲಿ ಸೋಸಿ ಬಿಸಿಗಿಡಿ. ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಚೊಗರಿಗೆ ಇಳಿಸಿ, ಒಂದು ಗಂಟೆಯವರೆಗೆ ಕೋಲಿನಿಂದ ತಿರುವುತ್ತಿರಿ. ತಿರುವುವುದನ್ನು ಮರೆತು ಒಳಗೆ ಹೋದರೆ ಮಡಿಕೆ ಬಿದ್ದ ಕಡೆ ಗೆರೆ ಮೂಡುತ್ತದೆ. ಆ ಗೆರೆಯನ್ನು ಮುಂದೆ ಯಾವುದರಿಂದಲೂ ಅಳಿಸಲಾಗದು. ತೆಗೆದು ನೆರಳಿನಲ್ಲಿ ಒಣಗಿಸಿ. ಮರುದಿನ 75 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಹತ್ತು ಲೀಟರ್ ನೀರಿಗೆ ಸೇರಿಸಿ, ಬಟ್ಟೆಯನ್ನು ರಾತ್ರಿಯಿಡೀ ಅದರಲ್ಲಿ ನೆನೆಹಾಕಿ. ಬೆಳಿಗ್ಗೆ ಒಮ್ಮೆ ಹಗುರವಾಗಿ ಜಾಲಿಸಿ, ಉಳಿಸಿಕೊಂಡ ಅದೇ ಚೊಗರಿನಲ್ಲಿ ಮತ್ತೆ ಒಂದು ಗಂಟೆ ಬಿಸಿ ಮಾಡಿ, ಪಾತ್ರೆಯಲ್ಲೇ ಆರಲು ಬಿಡಿ. ಚೊಗರು, ಪಟಿಕ, ಮತ್ತೆ ಚೊಗರು ಎಂಬ ಈ ಅನುಕ್ರಮದಿಂದ ಇಟ್ಟಿಗೆಗೆಂಪಿಗೂ ಕಂದಿಗೂ ನಡುವಿನ ಬಣ್ಣ ಬರುತ್ತದೆ, ಗಾಳಿ ಬೆಳಕು ತಾಗಿದಂತೆ ಅದು ಇನ್ನೂ ತುಸು ಗಾಢವಾಗುತ್ತದೆ.

ಎಲೆಅಡಿಕೆಗೆ ಸುಣ್ಣ ಸೇರಿದೊಡನೆ ಬಾಯಿ ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಬಟ್ಟೆಯಲ್ಲೂ ಅದೇ ನಡೆಯುತ್ತದೆ: ಕೊನೆಯ ಜಾಲಿಸುವ ನೀರಿಗೆ ಒಂದು ಚಿಟಿಕೆ ಸುಣ್ಣದ ತಿಳಿ ಬೆರೆಸಿದರೆ ಕೆಂಪು ಏರುತ್ತದೆ, ನಿಂಬೆಹುಳಿ ಬಿದ್ದರೆ ಇಳಿಯುತ್ತದೆ. ಬಣ್ಣದ ಬಟ್ಟೆಗೆ ಅಂಟುವಾಳದ ನೀರು ಅಥವಾ ಸೌಮ್ಯವಾದ ಸೋಪೇ ಆಗಬೇಕು, ಕ್ಷಾರ ಹೆಚ್ಚಿರುವ ಬಟ್ಟೆ ಒಗೆಯುವ ಪುಡಿಗಳು ಆಗವು ಎಂದು ಕೊಳ್ಳುವವರಿಗೆ ನಾವು ಬರೆದು ಕೊಡುವುದು ಈ ಕಾರಣಕ್ಕೇ. ನೀರಿನ ಗುಣವೂ ಬಣ್ಣವನ್ನು ತಿರುಗಿಸುತ್ತದೆ. ಗುಡ್ಡದಿಂದ ಇಳಿಯುವ ಅಬ್ಬಿಯ (ಝರಿಯ) ನೀರಿನಲ್ಲಿ ಬರುವ ಬಣ್ಣ ಕೊಳವೆಬಾವಿಯ ಕಬ್ಬಿಣದಂಶದ ನೀರಿನಲ್ಲಿ ಬಾರದು, ಅಲ್ಲಿ ಅದು ಮಂಕಾಗಿ ಬೂದಿಯತ್ತ ವಾಲುತ್ತದೆ. ಆದ್ದರಿಂದ ಒಂದು ಸೀರೆಗೆ ಬೇಕಾದಷ್ಟು ನೀರನ್ನು ಒಂದೇ ಮೂಲದಿಂದ ತುಂಬಿಟ್ಟುಕೊಳ್ಳಿ.

ಕಪ್ಪು, ಬೂದು ಬಣ್ಣಗಳು ಬೇಕಾದಾಗ ಇದೇ ಗುಣವನ್ನು ಉದ್ದೇಶಪೂರ್ವಕವಾಗಿ ಬಳಸಿಕೊಳ್ಳಬಹುದು. ಮುರಿದ ಕತ್ತಿ, ತುಕ್ಕು ಹಿಡಿದ ಮೊಳೆ, ಲಾಳಗಳನ್ನು ಮಡಕೆಗೆ ಹಾಕಿ, ಬೆಲ್ಲ ಕದಡಿದ ನೀರು ತುಂಬಿ, ಬಟ್ಟೆ ಕಟ್ಟಿ ಮೂರು ವಾರ ಇಟ್ಟರೆ ಹುಳಿತು ಕಪ್ಪಗಿನ ನೀರಾಗುತ್ತದೆ. ಚೊಗರು ಹಿಡಿದ ಬಟ್ಟೆಯನ್ನು ಇದರಲ್ಲಿ ಕೆಲವೇ ನಿಮಿಷ ಅದ್ದಿದರೆ ಕಣ್ಣೆದುರಿಗೇ ಕಪ್ಪಾಗುತ್ತದೆ. ಆಂಧ್ರದ ಕಲಂಕಾರಿಯ ಕಪ್ಪು ಗೆರೆಗಳೂ ಇಂಥ ಕಬ್ಬಿಣ ಬೆಲ್ಲದ ನೀರಿನವೇ. ಕಬ್ಬಿಣ ಹೆಚ್ಚಾದರೆ ಮಾತ್ರ ಹತ್ತಿಯ ನೂಲು ಕ್ರಮೇಣ ಲಡ್ಡಾಗಿ ಹರಿಯುತ್ತದೆ. ಅದ್ದಿದ ಬಟ್ಟೆಯನ್ನು ಬಹಳ ಚೆನ್ನಾಗಿ ತೊಳೆಯಬೇಕು.

ಚೊಗರು ವರ್ಷವಿಡೀ ಸಿಗುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಸಿಕ್ಕಿದ್ದನ್ನು ಇನ್ನಷ್ಟು ಬತ್ತಿಸಿ, ಅಗಲವಾದ ತಟ್ಟೆಗಳಲ್ಲಿ ಬಿಸಿಲಿಗಿಟ್ಟು ಚಕ್ಕೆಚಕ್ಕೆಯಾಗಿ ಒಣಗಿಸಿ ಡಬ್ಬದಲ್ಲಿ ತುಂಬಿಟ್ಟರೆ, ಮಾರ್ಚ್‌ನಲ್ಲಿ ಬಿಸಿನೀರಿಗೆ ಹಾಕಿ ಕರಗಿಸಿಕೊಳ್ಳಬಹುದು.

ಹಳದಿಗೆ ಮರ ಕುಯ್ಯುವ ಮಿಲ್ಲಿನಲ್ಲಿ ಸಿಗುವ ಹಲಸಿನ ಕೆಚ್ಚಿನ ಹುಡಿ, ಹಬ್ಬ ಮುಗಿದ ಮೇಲೆ ಬಾಗಿಲಿನಿಂದ ಇಳಿಸಿದ ಚೆಂಡುಹೂವಿನ ಮಾಲೆ, ದಾಳಿಂಬೆ ಸಿಪ್ಪೆ ಇವು ಬರುತ್ತವೆ; ಇವಕ್ಕೆ ಅಳಲೆಕಾಯಿ ಹುಡಿ ಅರ್ಧ ಕಿಲೋ ಬಟ್ಟೆಗೆ 100 ಗ್ರಾಂ, ಆಮೇಲೆ ಪಟಿಕ ಬೇಕು. ಅರಿಸಿನ ನೋಡಲು ಎಷ್ಟೇ ಚೆಂದವಿದ್ದರೂ ಬಿಸಿಲಿಗೆ ನಿಲ್ಲುವುದಿಲ್ಲ, ಬೀಟ್‌ರೂಟ್ ತೊಳೆತಕ್ಕೆ ನಿಲ್ಲುವುದಿಲ್ಲ. ಮಾರುವ ಬಟ್ಟೆಗೆ ಅವೆರಡನ್ನೂ ಬಳಸಬೇಡಿ. ಯಾವ ಬಣ್ಣವನ್ನಾದರೂ ಮಾರುವ ಮೊದಲು ಒಂದು ತುಂಡಿನ ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ತೂಗುಹಾಕಿ ಪರೀಕ್ಷಿಸಿ. ಕೆಲಸ ಮುಗಿದ ಬಳಿಕ ಉಳಿದ ನೀರನ್ನು ಹಳ್ಳಕ್ಕೆ ಬಿಡಬಾರದು. ನಾವು ಅದಕ್ಕೆ ಧಾರಾಳ ನೀರು ಬೆರೆಸಿ, ಬಾವಿಯಿಂದ ದೂರದ ಬರೀ ನೆಲಕ್ಕೆ ಸುರಿಯುತ್ತೇವೆ.

ಮಳೆಗಾಲದ ಕೌದಿ

ಜೂನ್ ಬಂದಿತೆಂದರೆ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿ ಸೂಜಿ ಹಿಡಿಯುತ್ತೇವೆ. ಕೌದಿಯಲ್ಲಿ ನನಗೆ ಇಷ್ಟವಾದದ್ದೆಂದರೆ, ಅದನ್ನು ಯಾವ ಕ್ಷಣದಲ್ಲಾದರೂ ಕೆಳಗಿಟ್ಟು ಏಳಬಹುದು; ಅನ್ನ ಬಸಿಯಲು, ಮಗುವಿನ ಲೆಕ್ಕ ನೋಡಲು ಎದ್ದು ಹೋಗಿ ಬಂದರೂ ಹೊಲಿಗೆ ಬಿಟ್ಟಲ್ಲೇ ಕಾಯುತ್ತಿರುತ್ತದೆ. ಬಣ್ಣದ ಕೆಲಸಕ್ಕೆ ಆ ತಾಳ್ಮೆಯಿಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಇದೊಂದು ಕಾರಣಕ್ಕೇ ಹೊಲಿಗೆಯಿಂದ ಆರಂಭಿಸುವುದು ಲೇಸು.

ಮೊದಲ ಕೌದಿಗೆ ಮೆತ್ತಗಾದ ಒಂದು ಹಳೆಯ ಹತ್ತಿ ಸೀರೆ ಸಾಕು. ಐದೂವರೆ ಮೀಟರ್ ಉದ್ದದ ಸೀರೆಯನ್ನು ನಾಲ್ಕು ಪದರವಾಗಿ ಮಡಚಿದರೆ, ಅಂಚು ಮಡಿಸಲು ಬಿಟ್ಟು ಸುಮಾರು 1.35 ಮೀಟರ್ ಉದ್ದ, 1.1 ಮೀಟರ್ ಅಗಲದ, ಮಗುವಿಗೆ ಹೊದೆಸುವ ಕೌದಿಯಾಗುತ್ತದೆ. ಬೆವರಿಗೆ, ಕಾಲಿನ ತಿಕ್ಕಾಟಕ್ಕೆ ಸವೆದ ಭಾಗ ಒಳಪದರದಲ್ಲಿ ಬರುವಂತೆ ಮಡಚಿ, ನೆಲದ ಮೇಲೆ ಹಾಸಿ, ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ ಸುಕ್ಕು ತೆಗೆದು, ಅಲ್ಲಲ್ಲಿ ದೊಡ್ಡ ಟಾಕು ಹಾಕಿ ಹಿಡಿಸಿಕೊಳ್ಳಿ. ಅದರ ಮೇಲೆ ಬಣ್ಣದ ತುಂಡುಗಳನ್ನು ಅಂಚು ಮಡಿಸಿ ಕೂಡಿಸಬೇಕು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗಳಲ್ಲಿ ಮಡಿಸಿದ ಪುಟ್ಟ ತ್ರಿಕೋನಗಳ ಹೂವಿಡುತ್ತಾರೆ. ಹಾಗೆ ಸುತ್ತಿ ಹೊಲಿದರೆ ಬಟ್ಟೆ ಒಂದೇ ಕಡೆಗೆ ಎಳೆದುಕೊಳ್ಳುವುದಿಲ್ಲವೆಂದು ನನ್ನ ಅನುಭವ. ಹೊಸ ಬಟ್ಟೆಯ ತುಂಡುಗಳನ್ನು ಮೊದಲೇ ಒಗೆದು ಕುಗ್ಗಿಸಿಕೊಳ್ಳದಿದ್ದರೆ ಮೊದಲ ತೊಳೆತದಲ್ಲೇ ಕೌದಿ ಸೊಟ್ಟಗಾಗುತ್ತದೆ.

ಮಕ್ಕಳನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳುವ ವಿಷಯದಲ್ಲಿ ನನ್ನ ನಿಲುವು ತುಸು ಗಟ್ಟಿಯಾದದ್ದು. ಅವರಿಗೆ ಆಟಿಕೆಯ ಕೆಲಸ ಕೊಡಬಾರದು, ಕೆಲಸ ಕೊಟ್ಟರೆ ನಿಜವಾದದ್ದನ್ನೇ ಕೊಡಬೇಕು. ಆದರೆ ಅದು ದಿನಕ್ಕೆ ಅರ್ಧ ಗಂಟೆ ಮೀರಬಾರದು, ಬೇಡವೆಂದ ದಿನ ಒತ್ತಾಯವಿರಬಾರದು. ಮಳೆಯ ರಜೆ ಕೊಟ್ಟ ದಿನಗಳಲ್ಲಿ ಮಗಳು ತುಂಡುಗಳನ್ನು ಜೋಡಿಸಿ ವಿನ್ಯಾಸ ಹಾಕುತ್ತಾಳೆ, ಮಗ ದಾರ ಪೋಣಿಸಿ ಹತ್ತು ಸೂಜಿಗಳನ್ನು ಸಾಲಾಗಿ ಚುಚ್ಚಿಡುತ್ತಾನೆ. ಕಣ್ಣು ಮಂಜಾದ ಅತ್ತೆಯವರಿಗೆ ಆ ಹತ್ತು ಸೂಜಿಗಳಿಂದ ಮಧ್ಯಾಹ್ನವಿಡೀ ಹೊಲಿಯಲು ಸಾಧ್ಯವಾಗುತ್ತದೆ. ಬಚ್ಚಲ ಒಲೆಯ ಬಗ್ಗೆ ನಮ್ಮಿಬ್ಬರಲ್ಲಿದ್ದ ಬಿಗುವು ಸಡಿಲವಾದದ್ದೂ ಈ ಹೊಲಿಗೆಯ ಚಾಪೆಯ ಮೇಲೆಯೇ.

ಮುಗಿದ ಕೌದಿಗಳನ್ನು ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗಿನ ಪಸೆ ಬೂಷ್ಟಾಗುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಕಂಡ ದಿನ ತೆಗೆದು ಗಾಳಿಗೆ ಹರವಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುವುದೇನೋ ನಿಜ, ಆದರೆ ಹೊಗೆಯ ವಾಸನೆ ಹತ್ತಿದರೆ ಹೋಗದು.

ಹಣದ ಲೆಕ್ಕ

ಮೊದಲ ಎರಡು ವರ್ಷ ಕಸುಬಿನಿಂದ ಮನೆ ನಡೆಯುತ್ತದೆಂದು ನಂಬಿ ಬರಬೇಡಿ. ಇಬ್ಬರಲ್ಲಿ ಒಬ್ಬರ ನಿಶ್ಚಿತ ಆದಾಯ ಉಳಿದಿರಲಿ. ನನ್ನ ಗಂಡ ಮೂರು ವರ್ಷ ಹಳೆಯ ಕಂಪನಿಯ ಕೆಲಸವನ್ನೇ ಮನೆಯಿಂದ ಮಾಡಿದರು.

ಬೆಲೆ ಕಟ್ಟುವಾಗ ಹೊಲಿಗೆಯನ್ನು ಅಳೆದು ನೋಡಿ. ಮೇಲೆ ಹೇಳಿದ ಮಗುವಿನ ಕೌದಿಗೆ ಒಂದೂವರೆ ಸೆಂಟಿಮೀಟರಿಗೊಂದರಂತೆ ಸಾಲು ಹಾಕಿದರೆ ಸುಮಾರು 73 ಸಾಲುಗಳಾಗುತ್ತವೆ, ಅಂದರೆ ಹತ್ತಿರಹತ್ತಿರ ನೂರು ಮೀಟರ್ ಹೊಲಿಗೆ. ನಾನು ಗಂಟೆಗೆ ಮೂರು ಮೀಟರ್ ಹೊಲಿಯುತ್ತೇನೆ. ಹೀಗೆ ಒಂದು ಕೌದಿಗೆ 33 ಗಂಟೆ. ಗಂಟೆಗೆ 60 ರೂಪಾಯಿ ಹಿಡಿದರೂ ಕೂಲಿಯೇ ಸುಮಾರು 2,000 ರೂಪಾಯಿ ಆಗುತ್ತದೆ, ಬಟ್ಟೆ, ದಾರ, ಅಂಚೆಯ ಖರ್ಚು ಬೇರೆ. ಇದನ್ನು 800 ರೂಪಾಯಿಗೆ ಕೊಡಿ ಎಂದು ಕೇಳುವ ಅಂಗಡಿಯವರು ಸಿಗುತ್ತಾರೆ. ಕೊಡಬೇಡಿ, ಏಕೆಂದರೆ ಆ ಬೆಲೆಗೆ ನೀವು ಒಪ್ಪಿದರೆ ಊರಿನ ಬೇರೆ ಹೆಂಗಸರೂ ಅದೇ ಬೆಲೆಗೆ ಹೊಲಿಯಬೇಕಾಗುತ್ತದೆ. ಜೊತೆಗೆ ಹೊಲಿಯುವವರಿಗೆ ಕೌದಿ ಮಾರಾಟವಾದ ಮೇಲಲ್ಲ, ಹೊಲಿದು ಮುಗಿದ ದಿನವೇ ಹಣ ಕೊಡಿ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದಕ್ಕಾಗಿ ಮಧ್ಯವರ್ತಿಗೆ ಹಣ ಕೊಡಬೇಕಾಗಿಲ್ಲ. ಕೇಂದ್ರ ಸರ್ಕಾರ ಕುಶಲಕರ್ಮಿಗಳಿಗೆ ತರಬೇತಿ, ಸಾಲ ಕೊಡಲು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸ, ಬುಟ್ಟಿ ಚಾಪೆ ಹೆಣೆಯುವುದು, ಗೊಂಬೆ ಮಾಡುವುದು ಸೇರಿವೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶವಿರುವುದರಿಂದ ಯಾರ ಹೆಸರಿನಲ್ಲಿ ಎಂಬುದನ್ನು ಮನೆಯಲ್ಲಿ ಯೋಚಿಸಿಯೇ ಅರ್ಜಿ ಹಾಕಿ. ಪಾರ್ಸೆಲ್ ಕಳಿಸಲು ಹಳ್ಳಿಯವರಿಗೆ ಇಂದಿಗೂ ನೆಚ್ಚಿಕೆಯ ದಾರಿ ಅಂಚೆ ಕಚೇರಿಯೇ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್, ಹೊರಗೊಂದು ಬಟ್ಟೆಯ ಹೊದಿಕೆ ಹಾಕಿ ಕಳಿಸಿ, ತಲುಪಿದ ಕೂಡಲೇ ಬಿಚ್ಚಿ ಗಾಳಿಗೆ ಹರವುವಂತೆ ಚೀಟಿ ಬರೆದಿಡಿ.

ಕೊನೆಯದಾಗಿ, ಒಂದು ದಪ್ಪ ನೋಟುಪುಸ್ತಕ ಇಟ್ಟುಕೊಳ್ಳಿ. ಬಣ್ಣ ಹಾಕಿದ ಪ್ರತಿ ಬಟ್ಟೆಯಿಂದಲೂ ಎರಡು ಬೆರಳಗಲದ ತುಂಡನ್ನು ಅದರಲ್ಲಿ ಹೊಲಿದು, ಪಕ್ಕದಲ್ಲಿ ತಾರೀಖು, ಬಟ್ಟೆಯ ತೂಕ, ಚೊಗರು ಯಾರ ಮನೆಯದು, ಎಷ್ಟನೆಯ ಒಬ್ಬೆಯದು, ನೀರು ಎಲ್ಲಿಯದು, ಎಷ್ಟು ಹೊತ್ತು ಬಿಸಿಯಿತ್ತು ಎಂಬುದನ್ನು ಬರೆಯಿರಿ. ನಮ್ಮ ಪುಸ್ತಕವನ್ನು ಈಗ ಮಗಳು ಬರೆಯುತ್ತಾಳೆ. ಕೊಳ್ಳುವವರು ಹೋದ ವರ್ಷದ ಬಣ್ಣವೇ ಬೇಕೆಂದಾಗ, ನವರಾತ್ರಿಯ ಬಳಿಕ ಪಕ್ಕದ ಮನೆಯಿಂದ ಬರುವ ಮೊದಲ ಕೊಡ ಚೊಗರಿನಲ್ಲಿ ಒಂದು ತುಂಡನ್ನು ಅದ್ದಿ ಒಣಗಿಸಿ, ಪುಸ್ತಕದ ತುಂಡಿನ ಪಕ್ಕದಲ್ಲಿಟ್ಟು, ಇನ್ನೂ ಎಷ್ಟು ಬತ್ತಿಸಬೇಕೆಂಬುದನ್ನು ಅವಳೇ ಹೇಳುತ್ತಾಳೆ.